ಎರೆಮಣ್ಣು ಮತ್ತು ಜಲಶೋಧನೆ: ಧಾರವಾಡ ಸೀಮೆಯನ್ನು ಕುರಿತ ಒಂದು ಚಾರಿತ್ರಿಕ ವಿಚಾರ

ಮಣ್ಣಿನ ಪಾತ್ರೆಯಲ್ಲಿಟ್ಟ ನೀರು ನಿರ್ವಿಷವಾಗುವುದೆಂದೂ, ಸೀಸ ಪಾರದ ಮೊದಲಾದ ಭಾರಲೋಹಗಳನ್ನು ಜೇಡಿಮಣ್ಣಿನಿಂದ ಸೆಳೆದು ತೆಗೆಯುವ ವಿದ್ಯೆಯು ಈಚಿನ ರಸಾಯನಶಾಸ್ತ್ರಜ್ಞರಿಗಿಂತ ಎಷ್ಟೋ ಮುಂಚೆಯೇ ನಮ್ಮ ಪೂರ್ವಿಕರಿಗೆ ಕರಗತವಾಗಿದ್ದಿತೆಂದೂ ಈಗೀಗ ಉಪನ್ಯಾಸಗಳಲ್ಲಿಯೂ ಲೇಖನಗಳಲ್ಲಿಯೂ ಕೇಳಿಬರುತ್ತಲಿದೆ. ಪೂರ್ವಿಕರ ಮೇಲಣ ಅಭಿಮಾನವು ಒಳ್ಳೆಯದೇ. ಆದರೆ ಹಳೆಯ ಗ್ರಂಥದಲ್ಲಿ ಇದ್ದುದನ್ನು ಇದ್ದಂತೆ ಓದದೆ, ನಮಗೆ ಬೇಕಾದುದನ್ನು ಅದರಲ್ಲಿ ತುಂಬಿ ಮತ್ತೆ ಅಲ್ಲಿಂದಲೇ ಹೊರತೆಗೆದು ತೋರಿಸುವುದು ಇತಿಹಾಸವೆನಿಸದು. ಪ್ರಾಚೀನರು ನೀರಿನ ವಿಷಯದಲ್ಲಿ ಏನೇನನ್ನು ಬಲ್ಲವರಾಗಿದ್ದರು? ಮಣ್ಣಿಗಿರುವ ಈ ಸೆಳೆಯುವ ಗುಣವು ಯಾವಾಗ, ಯಾವ ಪ್ರಸಂಗದಲ್ಲಿ, ಯಾರ ಕಣ್ಣಿಗೆ ಬಿದ್ದಿತು? ಈ ಎರಡು ಪ್ರಶ್ನೆಗಳನ್ನು ಒಂದಕ್ಕೊಂದು ಬೆರಸದೆ ವಿಚಾರಿಸಬೇಕಾಗಿದೆ. ಈ ವಿಚಾರಕ್ಕೆ ಧಾರವಾಡ ಸೀಮೆಯಂಥ ತಕ್ಕ ನೆಲವು ಮತ್ತೊಂದು ದೊರೆಯುವುದು ಕಷ್ಟ. ಮಣ್ಣಿನ ಆ ಗುಣವು ಹೇರಳವಾಗಿರುವ ಎರೆಯು ಇಲ್ಲಿಯ ನೆಲವೇ ಆಗಿದೆ. ಆ ಗುಣದ ಒಳಿತು ಕೆಡಕುಗಳೆರಡೂ ಇಲ್ಲಿಯೇ ಕಾಣಲು ಸಿಕ್ಕುವವು.

ಧಾರವಾಡವು ಜಲವಿಭಾಜಕವಾದ ದಿಣ್ಣೆಯ ಮೇಲೆ ನೆಲೆಸಿದ ಊರು. ಅದರ ಪಡುವಣ ಮಗ್ಗುಲಲ್ಲಿ ಬಿದ್ದ ಮಳೆಯು ಶಾಲ್ಮಲಾ, ಬೇಡ್ತಿಗಳನ್ನು ಕೂಡಿ ಅರಬ್ಬೀ ಸಮುದ್ರಕ್ಕೆ ಇಳಿಯುವುದು; ಮೂಡಣಕ್ಕೆ ಬಿದ್ದುದು ಬೆಣ್ಣೆಹಳ್ಳ, ಮಲಪ್ರಭೆ, ಕೃಷ್ಣೆಗಳ ದಾರಿಯಿಂದ ಬಂಗಾಲದ ಉಪಸಾಗರವನ್ನು ಸೇರುವುದು. ನೀರು ಇಬ್ಭಾಗವಾದಂತೆಯೇ ನೆಲವೂ ಇಬ್ಭಾಗವಾಗಿದೆ. ಪಡುವಲಿಗೆ ಕೆಮ್ಮಣ್ಣು, ಮಸಾರಿ, ಅಲ್ಲಲ್ಲಿ ಮುರಕಲ್ಲು. ಮೂಡಲಿಗೆ ಕಣ್ಣು ಹಾಯುವ ತನಕ ಎರೆಯ ಬಯಲು. ಶಾಸನಗಳು ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂದು ಹೆಸರಿಸುವ ನಾಡುಗಳು ಈ ಬಯಲಲ್ಲಿಯೇ ಇವೆ. ಬೆಳ್ವೊಲವೆಂದರೆ ಬೆಳೆಯ ಹೊಲವೆಂದು ಹೇಳುವ ವ್ಯುತ್ಪತ್ತಿಯು ನೆಲವನ್ನು ಕಂಡವರಿಗೆ ಒಪ್ಪುವಂಥದು. ತಿರುಳ್ಗನ್ನಡದ ನೆಲೆಗಳೆಂದು ಕವಿರಾಜಮಾರ್ಗವು ಎಣಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯು ಕರಿಯ ನೆಲದ ಊರು. ಕಿಸುವೊಳಲಿನ ಹೆಸರಿನಲ್ಲಿಯೇ ಕೆಂಪು ಬಣ್ಣವು ಅಡಗಿದೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಶಾಸ್ತ್ರಜ್ಞನು ಈ ಸೀಮೆಯ ಕಲ್ಲುಮಣ್ಣುಗಳ ವಿವರವನ್ನು 1876ರಲ್ಲಿ ಪ್ರಕಟಿಸಿ, ಮುಂದಿನ ದಶಕದಲ್ಲಿ ಇಲ್ಲಿಯ ಪುರಾತನ ಪದರಶಿಲೆಗಳಿಗೆ ಧಾರವಾಡದ ಹೆಸರನ್ನೇ ಇಟ್ಟನು. ಎರೆಯೆಲ್ಲವೂ ದಖ್ಖನದ ಲಾವಾಶಿಲೆಯಿಂದಲೇ ಹುಟ್ಟಿತೆಂಬ ತಿಳಿವಳಿಕೆಯು ಬಹಳ ಜನರಲ್ಲಿದೆ. ಆದರೆ ಆ ಶಿಲೆಯ ಎಲ್ಲೆಯಿಂದ ತೆಂಕಣದಲ್ಲಿ ಈ ಪದರಶಿಲೆಗಳೂ ಕರಗಿ ಎರೆಯಾಗಿವೆ.

ಈ ಬಯಲಿನಲ್ಲಿ ಬೆಳೆಗೆ ಬರವಿಲ್ಲದಿದ್ದರೂ ಕುಡಿಯುವ ನೀರಿಗೆ ಎಂದಿನಿಂದಲೂ ಬರವೇ. ನವಲಗುಂದ, ನರಗುಂದ, ರೋಣಗಳ ಕಡೆಗೆ ಬಾವಿ ತೋಡಿದರೆ ಬಹುಮಟ್ಟಿಗೆ ಸವುಳು ನೀರೇ ಗತಿ. ಆದುದರಿಂದ ಊರೂರಿಗೆ ಮಳೆಯ ನೀರನ್ನು ಹಿಡಿದಿಡುವ ಕೆರೆಯೇ ಜೀವಾಳವಾಯಿತು. ಎರೆಯ ಮೇಲೆ ಹರಿದು ಬಂದ ನೀರಾದರೋ ರಾಡಿ. ಎರೆಯ ಕಣವು ಅತಿ ಸೂಕ್ಷ್ಮವಾದುದರಿಂದ ಬಿಂದಿಗೆಯಲ್ಲಿ ಒಂದು ದಿನವಿಟ್ಟರೂ ತಳವನ್ನು ಹಿಡಿಯದು. ಈ ಸೀಮೆಯ ಹೆಂಗಸರಿಗೆ ನೀರನ್ನು ತಿಳಿಗೊಳಿಸುವುದೆಂದರೆ ನೀರಿನೊಳಗಿನ ಮಣ್ಣನ್ನು ತೆಗೆಯುವುದೇ ಆಗಿದ್ದಿತೇ ಹೊರತು, ನೀರಿಗೆ ಮಣ್ಣನ್ನು ಬೆರಸುವುದಾಗಿರಲಿಲ್ಲ. ಚಿಲ್ಲದ ಬೀಜವನ್ನು ಕೊಡದ ಒಳಮೈಗೆ ತೇದು, ಇಲ್ಲವೆ ಪಟಿಕದ ತುಂಡನ್ನು ನೀರಿನಲ್ಲಿ ನಾಲ್ಕು ಸುತ್ತು ತಿರುಗಿಸಿ ಬಿಟ್ಟರೆ, ತೇಲುವ ಕಣಗಳು ಒಂದಕ್ಕೊಂದು ಹತ್ತಿ ಭಾರವಾಗಿ ತಳಕ್ಕೆ ಕೂಡುವವು. ತಿಳಿ ಎಂಬ ನಮ್ಮ ಧಾತುವು ನೀರು ನಿರ್ಮಲವಾಗುವುದನ್ನೂ ಮನಸ್ಸಿಗೆ ಅರಿವಾಗುವುದನ್ನೂ ಒಟ್ಟಿಗೆ ಹೇಳುತ್ತದೆ. ತಮಿಳಿನ ತೆಳಿ ಎಂಬುದೂ ಹಾಗೆಯೇ. ನೆರೆಯ ಭಾಷೆಗಳಲ್ಲಿಯೂ ಇರುವ ಈ ಶ್ಲೇಷವು ಬಹು ಹಳೆಯದಿರಬೇಕು. ತಿಳಿಯಾದ ನೀರು ಒಳ್ಳೆಯ ನೀರೆಂಬ ಎಣಿಕೆಯು ಮಾತಿನಲ್ಲಿಯೇ ಹೀಗೆ ಬೇರೂರಿದೆ. ಕರಗಿದ ಸೀಸವುಳ್ಳ ನೀರು ಗಾಜಿನಂತೆ ತಿಳಿಯಾಗಿರುವುದೆಂಬ ಸಂಗತಿಯು ಈ ಎಣಿಕೆಗೆ ನಿಲುಕುವುದಲ್ಲ.

ಇನ್ನು ಗ್ರಂಥಗಳ ವಿಚಾರಕ್ಕೆ ಬರೋಣ. ಸುಶ್ರುತಸಂಹಿತೆಯ ಸೂತ್ರಸ್ಥಾನದ 45ನೆಯ ಅಧ್ಯಾಯವು ದ್ರವದ್ರವ್ಯಗಳನ್ನು ಕುರಿತದ್ದು. ಅದರಲ್ಲಿಯ ಜಲಪ್ರಕರಣವನ್ನು ನಮ್ಮವರು ಮೇಲಿಂದ ಮೇಲೆ ಉದಾಹರಿಸುತ್ತಾರಾದರೂ, ಸಾವಧಾನದಿಂದ ಓದಿದವರು ಕಡಿಮೆಯೆಂದು ತೋರುತ್ತದೆ. ಕಲುಷವಾದ, ಅಂದರೆ ಕದಡಿದ ನೀರಿಗೆ ಏಳು ಪ್ರಸಾದನಗಳನ್ನು ಅಲ್ಲಿ ಹೇಳಿದೆ: ಕತಕ, ಗೋಮೇದಕ, ತಾವರೆಯ ಗೆಡ್ಡೆ, ಪಾಚಿಯ ಬೇರು, ಬಟ್ಟೆ, ಮುತ್ತು, ಮಣಿ. ಕತಕವೆಂದರೆ ಮೇಲೆ ಹೇಳಿದ ಚಿಲ್ಲದ ಬೀಜವೇ. ಈ ಏಳರಲ್ಲಿ ಮಣ್ಣಿಲ್ಲ. ಆದರೆ ಅದೇ ಪ್ರಕರಣವು ಕಲುಷಜಲವನ್ನು ವ್ಯಾಪನ್ನಜಲದಿಂದ, ಎಂದರೆ ಕೆಟ್ಟ ನೀರಿನಿಂದ, ಬೇರೆಯಾಗಿ ನಿಲ್ಲಿಸಿದೆ. ವ್ಯಾಪನ್ನಜಲಕ್ಕೆ ದೋಷಗಳು ಆರು: ಸ್ಪರ್ಶ, ರೂಪ, ರಸ, ಗಂಧ, ವೀರ್ಯ, ವಿಪಾಕ. ಮೊದಲಿನ ನಾಲ್ಕು ಕೈಗೆ, ಕಣ್ಣಿಗೆ, ನಾಲಗೆಗೆ, ಮೂಗಿಗೆ ಗೊತ್ತಾಗತಕ್ಕವು. ಕೊನೆಯ ಎರಡು ಹಾಗಲ್ಲ. ಅವು ಕುಡಿದ ಮೇಲೆ ದೇಹದಲ್ಲಿ ತೋರಿಕೊಳ್ಳುವಂಥವು. ತಿಳಿಯಾಗಿದ್ದು, ರುಚಿಯಾಗಿದ್ದು, ವಾಸನೆಯಿಲ್ಲದಿದ್ದು, ಕುಡಿದವನಿಗೆ ಕಾಲಾಂತರದಲ್ಲಿ ಕೇಡುಮಾಡುವ ನೀರೂ ಉಂಟೆಂಬ ಕಲ್ಪನೆಯು ನಮ್ಮ ವೈದ್ಯರಿಗೆ ಇದ್ದಿತೆಂಬುದಕ್ಕೆ ಇದು ಸಾಕು. ನಮ್ಮ ಅಭಿಪ್ರಾಯದಲ್ಲಿ ಹೆಮ್ಮೆಪಡತಕ್ಕ ಮಾತು ಇದೇ, ಮಣ್ಣಿನ ಮಡಕೆಯಲ್ಲ.

ಕೆಟ್ಟ ನೀರಿಗೆ ಹೇಳಿದ ಉಪಾಯಗಳಾದರೋ ಬೆಂಕಿಯಿಂದ ಕುದಿಸುವುದು, ಬಿಸಿಲಿಗೆ ಕಾಯಿಸುವುದು, ಚೆನ್ನಾಗಿ ಕಾಯ್ದ ಕಬ್ಬಿಣದ ಉಂಡೆಯನ್ನಾಗಲಿ ಮರಳನ್ನಾಗಲಿ ಲೋಷ್ಟವನ್ನಾಗಲಿ ನೀರಿನಲ್ಲಿ ಅದ್ದಿ ನಂದಿಸುವುದು. ಲೋಷ್ಟವೆಂದರೆ ಮಣ್ಣಿನ ಹೆಂಟೆ. ಇಲ್ಲಿ ಮಣ್ಣು ಬಂದಿತಲ್ಲಾ ಎಂದು ಯಾರಾದರೂ ಹಿಗ್ಗಬಹುದು. ಆದರೆ ಅದು ಕಾಯ್ದ ಹೆಂಟೆಯೆಂಬುದನ್ನೂ, ಕಬ್ಬಿಣ ಮರಳುಗಳ ಸಾಲಿನಲ್ಲಿಯೇ ಅದನ್ನು ಕೂಡಿಸಿದೆಯೆಂಬುದನ್ನೂ ಮರೆಯಲಾಗದು. ಮೂರಕ್ಕೂ ಸಾಮಾನ್ಯವಾದದ್ದು ಶಾಖ. ಗ್ರಂಥಕಾರನ ಉದ್ದೇಶವು ಶಾಖವನ್ನು ನೀರಿಗೆ ಕೊಡುವುದೇ ಎಂದು ಅರ್ಥಮಾಡುವುದು ನ್ಯಾಯ. ಕಲ್ಪಸ್ಥಾನದ 3ನೆಯ ಅಧ್ಯಾಯದಲ್ಲಿ ಶತ್ರುಗಳು ವಿಷವಿಕ್ಕಿದ ಜಲಾಶಯಗಳ ಮಾತಿದೆ. ಅಲ್ಲಿಯ ಉಪಾಯವು ಧವ, ಅಶ್ವಕರ್ಣ, ಪಾಟಲೆ ಮೊದಲಾದ ಮರಗಳ ಭಸ್ಮವನ್ನು ನೀರಿಗೆ ಎರಚುವುದು. ಬೂದಿಯು ಕ್ಷಾರವಾದುದರಿಂದ ನೀರಿನ ಆಮ್ಲತ್ವವನ್ನು ತಗ್ಗಿಸುವುದು, ಆಗ ಅನೇಕ ಲೋಹಗಳು ಗಸಿಯಾಗಿ ತಳಕ್ಕಿಳಿಯುವುವು. ಇದು ಇಂದಿನ ರಸಾಯನಶಾಸ್ತ್ರಕ್ಕೆ ಒಪ್ಪುವ ಕ್ರಮ. ಲೋಹವನ್ನು ನೀರಿನಿಂದ ತೆಗೆಯುವ ಪ್ರಾಚೀನ ವಿಧಾನವನ್ನು ಹುಡುಕುವವರು ಹೆಂಟೆಗಿಂತ ಬೂದಿಯ ಕಡೆಗೆ ನೋಡುವುದು ಲೇಸು. ಅಲ್ಲಿಯೂ ಗ್ರಂಥಕಾರನು ಲೋಹವೆಂಬ ಮಾತನ್ನು ಎತ್ತಿಲ್ಲ.

ವರಾಹಮಿಹಿರನ ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ ಬಾವಿಗೆ ಹಾಕತಕ್ಕ ಚೂರ್ಣವೊಂದಿದೆ. ಅಂಜನ, ಭದ್ರಮುಷ್ಟಿ, ಲಾಮಂಚ, ನೆಲ್ಲಿ, ಕತಕ ಮೊದಲಾದವು ಅದರ ಅಂಗಗಳು. ಕನ್ನಡದಲ್ಲಿ ನೆಲದೊಳಗಣ ನೀರನ್ನು ಅರಸುವ ಈ ವಿದ್ಯೆಯು ಚಾವುಂಡರಾಯನ ಲೋಕೋಪಕಾರದಲ್ಲಿ ಬಂದಿರುವುದು ವಾಚಕರಿಗೆ ವಿದಿತವೇ ಇದೆ. ಸುಮಾರು ಕ್ರಿ. ಶ. 1025ರಲ್ಲಿ, ಕಲ್ಯಾಣದ ಚಾಲುಕ್ಯ ಜಯಸಿಂಹನ ಆಳಿಕೆಯಲ್ಲಿ ಹುಟ್ಟಿದ ಆ ಗ್ರಂಥವು ಮರ, ಹುತ್ತ, ಮಣ್ಣಿನ ಬಣ್ಣಗಳ ಗುರುತಿನಿಂದ ನೀರಿನ ಸೆಲೆಯನ್ನು ಊಹಿಸಲು ಕಲಿಸುತ್ತದೆ. ಇಲ್ಲಿ ಮಣ್ಣು ನೀರಿಗೆ ಕುರುಹು, ಶೋಧಕವಲ್ಲ. ಮನುಸ್ಮೃತಿಯ 6ನೆಯ ಅಧ್ಯಾಯದಲ್ಲಿ, ಕತಕದ ಕಾಯಿಯ ಹೆಸರನ್ನು ಎತ್ತಿದ ಮಾತ್ರಕ್ಕೆ ನೀರು ತಿಳಿಯಾಗದೆಂಬ ಭಾವದ ಮಾತೊಂದುಂಟು. ಪೂರ್ವಿಕರ ಹೆಸರನ್ನೆತ್ತಿ ವಾದಿಸುವವರಿಗೂ ಅದು ಸಲ್ಲಬಹುದು.

ಮಡಕೆಯ ವಾದವು ಇದಕ್ಕಿಂತಲೂ ದುರ್ಬಲವಾದುದು. ಕುಂಬಾರನ ಆವಿಗೆಯಲ್ಲಿ ಮಣ್ಣು ಬೆಂದಾಗ ಅದು ಮೊದಲಿನ ಮಣ್ಣಾಗಿ ಉಳಿಯುವುದಿಲ್ಲ. ಸುಮಾರು 500ರಿಂದ 700 ಡಿಗ್ರಿಗಳ ಶಾಖದಲ್ಲಿ ಜೇಡಿಯ ಪದರಗಳೊಳಗೆ ಬಂಧಿತವಾದ ನೀರಿನ ಅಂಶವು ಹೊರಟುಹೋಗಿ ಪದರಗಳ ಕಟ್ಟು ಕುಸಿಯುವುದು. ಉಬ್ಬುವ ಶಕ್ತಿಯೊಡನೆ ಲೋಹವನ್ನು ಹಿಡಿಯುವ ಶಕ್ತಿಯೂ ಬಹುಭಾಗ ನಾಶವಾಗುವುದು. ಗಡಿಗೆಯ ನೀರು ತಣ್ಣಗಾಗುವುದು ಅದರ ಸಣ್ಣ ರಂಧ್ರಗಳಲ್ಲಿ ಜಿನುಗಿ ಆವಿಯಾಗುವುದರಿಂದ. ಅಷ್ಟರಿಂದಲೇ ಬೇಸಗೆಯಲ್ಲಿ ಗಡಿಗೆಗೆ ಸಲ್ಲಬೇಕಾದ ಮರ್ಯಾದೆಯು ಸಲ್ಲುವುದು. ಇಲ್ಲದ ಗುಣವನ್ನು ಆರೋಪಿಸಬೇಕಾಗಿಲ್ಲ.

ಹಸಿಯ ಜೇಡಿಯ ಬೆಲೆಯನ್ನು ನಮ್ಮವರು ಬೇರೊಂದು ರೀತಿಯಲ್ಲಿ ಬಲ್ಲವರಾಗಿದ್ದರು. ವಿಜಯನಗರದ ಅರಸುಕುವರನಾದ ಭಾಸ್ಕರನು 1369ರಲ್ಲಿ ಕಡಪೆಯ ಸೀಮೆಯ ಪೋರುಮಾಮಿಳ್ಳದಲ್ಲಿ ಹಾಕಿಸಿದ ಸಂಸ್ಕೃತ ಶಾಸನವು ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ವರ್ಜಿಸತಕ್ಕ ಆರು ದೋಷಗಳನ್ನೂ ಎಣಿಸುತ್ತದೆ. ಗಟ್ಟಿಯಾದ ಮಣ್ಣಿನ ನೆಲವು ಸಾಧನಗಳಲ್ಲಿ ಒಂದು. ಸವುಳು ನೆಲವು ದೋಷಗಳಲ್ಲಿ ಒಂದು. ನೀರು ಇಂಗಿ ಹೋಗದಂತೆ ಜೇಡಿ ಬೇಕು, ನೀರಿನ ರುಚಿ ಕೆಡದಂತೆ ಉಪ್ಪಿಲ್ಲದ ನೆಲ ಬೇಕು. ಕನ್ನಡ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ದತ್ತಿಗಳು ಕೆರೆಯನ್ನು ಕಾಪಾಡುವುದಕ್ಕಾಗಿಯೇ ಬಿಟ್ಟವು. ಹೀಗೆ ತೆಗೆದ ಕೆರೆಯ ಗೋಡು ವ್ಯರ್ಥವಾಗುತ್ತಿರಲಿಲ್ಲ. ಬೇಸಗೆಯಲ್ಲಿ ಬಂಡಿಗಟ್ಟಲೆ ಹೊಲಕ್ಕೆ ಸಾಗಿಸಿ ಹರಡುವರು, ಎರಡು ಮೂರು ಬೆಳೆಯ ತನಕ ಅದರ ಕಸುವು ನಿಲ್ಲುವುದೆಂದು ರೈತರು ಹೇಳುವರು. ಆ ಕಸುವು ಗೋಡಿನಲ್ಲಿ ನಿಲ್ಲುವುದೇಕೆ, ಮಳೆಯ ನೀರಿಗೆ ತೊಳೆದುಹೋಗದೇಕೆ? ಮಣ್ಣಿನ ಗುಣವನ್ನು ಬಯಲಿಗೆ ತಂದುದು ಈ ಪ್ರಶ್ನೆಯೇ. ಅದನ್ನು ಪ್ರಯೋಗದಿಂದ ವಿಚಾರಿಸಿದ್ದು ಬೆಳ್ವೊಲದಲ್ಲಿ ಅಲ್ಲ, ಇಂಗ್ಲೆಂಡಿನಲ್ಲಿ.

ಅಲ್ಲಿಯ ಹಕ್ಸ್‌ಟೇಬಲ್ ಎಂಬ ಪಾದ್ರಿಯೊಬ್ಬನು ಒಕ್ಕಲುತನದಲ್ಲಿ ಆಸ್ಥೆಯುಳ್ಳವನು. ಅವನು ತಿಪ್ಪೆಯ ಗಂಜಳದ ನೀರನ್ನು ಮಣ್ಣಿನ ಒಂದು ಪದರದ ಮೂಲಕ ಇಳಿಸಿ ನೋಡಲು, ಅದು ಬಣ್ಣವನ್ನೂ ನಾತವನ್ನೂ ಕಳೆದುಕೊಂಡು ಹೊರಬಂದಿತು. ಯಾರ್ಕ್‌ಶೈರಿನ ಜಮೀನುದಾರನಾದ ಥಾಂಪ್ಸನ್ನನು ಮಣ್ಣು ತುಂಬಿದ ನಳಿಗೆಯಲ್ಲಿ ಅಮೋನಿಯಾದ ಸಲ್ಫೇಟನ್ನು ಹೊಯ್ದನು; ಕೆಳಗೆ ಇಳಿದು ಬಂದುದು ಅಮೋನಿಯಾವಲ್ಲ, ಸುಣ್ಣದ ಸಲ್ಫೇಟು. ಮಣ್ಣು ಅಮೋನಿಯಾವನ್ನು ಇಟ್ಟುಕೊಂಡು, ಅದಕ್ಕೆ ಬದಲಾಗಿ ತನ್ನಲ್ಲಿದ್ದ ಸುಣ್ಣವನ್ನು ಕೊಟ್ಟಿತ್ತು. ರಾಯಲ್ ಎಗ್ರಿಕಲ್ಚರಲ್ ಸೊಸೈಟಿಯ ರಸಾಯನಜ್ಞನಾಗಿದ್ದ ಥಾಮಸ್ ವೇ ಎಂಬವನು 1850ರಿಂದ 1852ರ ವರೆಗೆ ಈ ಪ್ರಯೋಗವನ್ನು ನಾನಾ ಬಗೆಯಾಗಿ ಬೆಳೆಸಿ, ಈ ವಿನಿಮಯವು ಮಣ್ಣಿನೊಳಗಣ ಜೇಡಿಯ ಅಂಶದ ಕೆಲಸವೆಂದು ಸ್ಥಾಪಿಸಿದನು. ಪ್ರಖ್ಯಾತನಾದ ಲೀಬಿಗ್‌ನು ಇದನ್ನು ಮೊದಲು ಒಪ್ಪಲಿಲ್ಲ. ವೇ ಸಹ ಒಂದು ಮಾತಿನಲ್ಲಿ ತಪ್ಪಿದನು: ಒಮ್ಮೆ ಹಿಡಿದ ಅಮೋನಿಯಾವನ್ನು ಜೇಡಿಯು ಮತ್ತೆ ಬಿಡುವುದಿಲ್ಲವೆಂದು ಅವನು ನಂಬಿದ್ದನು. ಜರ್ಮನಿಯ ಐಕ್‌ಹಾರ್ನ್‌ನು 1858ರಲ್ಲಿ, ಈ ವಿನಿಮಯವು ಎರಡೂ ಕಡೆಗೆ ನಡೆಯತಕ್ಕದ್ದೆಂದು ತೋರಿಸಿದನು. ಈ ಲೇಖನದ ಮಟ್ಟಿಗೆ ಇವರೆಲ್ಲರ ಸಂಶೋಧನೆಗಳಲ್ಲಿ ಐಕ್‌ಹಾರ್ನ್‌ನ ಮಾತೇ ಮುಖ್ಯವಾದುದು.

ಕಾರಣವು ಗೊತ್ತಾಗಲು ಮತ್ತೆ ಮುಕ್ಕಾಲು ಶತಮಾನ ಹಿಡಿಯಿತು. ಫ್ರಾನ್ಸಿನ ಮಾಂಟ್‌ಮೊರಿಲ್ಲೊನ್ ಎಂಬ ಊರಿನ ಜೇಡಿಗೆ 1847ರಲ್ಲಿ ಆ ಊರಿನ ಹೆಸರೇ ಬಂದಿತ್ತು. ಅದರ ಒಳಗಟ್ಟು 1933ರಲ್ಲಿ ತಿಳಿಯಿತು. ಅದು ಪುಸ್ತಕದ ಹಾಳೆಗಳಂತೆ ತೆಳುವಾದ ಪದರಗಳ ಒಟ್ಟಿಲು. ಪದರದೊಳಗೆ ಅಲ್ಯೂಮಿನಿಯಮಿನ ಸ್ಥಾನದಲ್ಲಿ ಅಲ್ಲಲ್ಲಿ ಮೆಗ್ನೀಸಿಯಮ್ ಬಂದು ಕೂತಿರುವುದರಿಂದ ಪದರಕ್ಕೆ ಋಣವಿದ್ಯುತ್ತು ಉಂಟಾಗುತ್ತದೆ. ಅದನ್ನು ಸರಿದೂಗಿಸಲು ಸುಣ್ಣ, ಸೋಡಿಯಮ್ ಮೊದಲಾದವುಗಳ ಧನವಿದ್ಯುತ್ಕಣಗಳು ಪದರಗಳ ನಡುವೆ ಸಡಿಲಾಗಿ ಅಂಟಿಕೊಂಡಿರುತ್ತವೆ. ನೀರಿನಲ್ಲಿ ಸೀಸದ ಕಣವು ಬಂದರೆ, ಅದು ಸುಣ್ಣವನ್ನು ಹೊರಗೆ ನೂಕಿ ತಾನು ಆ ಸ್ಥಾನವನ್ನು ಹಿಡಿಯುತ್ತದೆ. ಇಂಥ ಜೇಡಿಯ ಒಂದು ಗ್ರಾಮಿನ ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ 700 ಚದರ ಮೀಟರುಗಳಷ್ಟು ಹರಹಾಗುವುದು. ಅದರ 100 ಗ್ರಾಮಿಗೆ 80ರಿಂದ 120 ಮಿಲಿಸಮಾಂಶಗಳ ವಿನಿಮಯ ಶಕ್ತಿಯುಂಟು; ಕೆಮ್ಮಣ್ಣುಗಳಲ್ಲಿ ಹೆಚ್ಚಾಗಿರುವ ಕಾಓಲಿನ್ ಜಾತಿಯ ಜೇಡಿಗೆ 3ರಿಂದ 15 ಮಾತ್ರ. ನೂರು ಮಿಲಿಸಮಾಂಶವೆಂದರೆ ಲೆಕ್ಕಕ್ಕೆ ಸುಮಾರು 10 ಗ್ರಾಂ ಸೀಸ. ಬಳಕೆಯಲ್ಲಿ ಇಷ್ಟು ಸಿದ್ಧಿಸದಿದ್ದರೂ, ಕುಡಿಯುವ ನೀರಿನಲ್ಲಿ ಸೀಸವು ಲೀಟರಿಗೆ 0.01 ಮಿಲಿಗ್ರಾಮನ್ನು ಮೀರಬಾರದೆಂಬ ಭಾರತೀಯ ಮಾನಕವನ್ನು ನೆನೆದರೆ ಈ ಶಕ್ತಿಯು ಸಾಮಾನ್ಯವಲ್ಲ.

ನಮ್ಮ ಎರೆಯ ಜೇಡಿಯು ಮುಖ್ಯವಾಗಿ ಈ ಮಾಂಟ್‌ಮೊರಿಲ್ಲೊನೈಟ್ ಕುಲದ್ದೇ. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಅದರ ಸ್ವಭಾವವೂ, ಬೆಳೆಯ ಆಹಾರವನ್ನು ಬಿಗಿಹಿಡಿದಿಡುವ ಗುಣವೂ, ಭಾರಲೋಹವನ್ನು ಸೆಳೆಯುವ ಗುಣವೂ ಆ ಪದರಗಳ ಒಂದೇ ಕಟ್ಟಿನಿಂದ ಹುಟ್ಟಿದವು. ಬೆಳ್ವೊಲವನ್ನು ಬೆಳ್ವೊಲವನ್ನಾಗಿ ಮಾಡಿದ ಗುಣದಲ್ಲಿ ಲೋಹಶೋಧನೆಯ ಗುಣವೂ ಸೇರಿದೆ; ಪೂರ್ವಿಕರು ಅನುಭವದಿಂದ ಬಲ್ಲದ್ದು ಮೊದಲನೆಯ ಮುಖವನ್ನು, ಎರಡನೆಯದನ್ನಲ್ಲ. ಎಲ್ಲ ವಿಷಕ್ಕೂ ಎರೆಯೇ ಮದ್ದೆಂದೂ ತಿಳಿಯಬಾರದು. ಈಗಿನ ಯಾದಗಿರಿ ಜಿಲ್ಲೆಯಲ್ಲಿ, ಹಳೆಯ ಚಿನ್ನದ ಗಣಿಯ ನೆರೆಯಲ್ಲಿರುವ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಸೇರಿ ಜನರು ಚರ್ಮರೋಗಗಳಿಂದ ನರಳಿದ ಸಂಗತಿಯು 2013ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಹೊರಬಿದ್ದಿತು. ಆರ್ಸೆನಿಕ್ ನೀರಿನಲ್ಲಿ ಬಹುಮಟ್ಟಿಗೆ ಋಣವಿದ್ಯುತ್ತುಳ್ಳ ಕಣವಾಗಿಯೋ ವಿದ್ಯುತ್ತಿಲ್ಲದ ಕಣವಾಗಿಯೋ ಇರುವುದರಿಂದ ಎರೆಯ ಜೇಡಿಗೆ ಸಿಕ್ಕುವುದು ಕಡಿಮೆ. ಅದನ್ನು ಹಿಡಿಯತಕ್ಕದ್ದು ಕಬ್ಬಿಣದ ಆಕ್ಸೈಡುಗಳಿಂದ ಕೆಂಪಾದ ಮುರಕಲ್ಲು. ಖರಗಪುರದ ತಂತ್ರವಿದ್ಯಾಸಂಸ್ಥೆಯವರು ಬಂಗಾಲದ ಹಳ್ಳಿಗಳಿಗಾಗಿ ಮುರಕಲ್ಲಿನಿಂದಲೇ ಶೋಧಕವನ್ನು ಮಾಡಿದ್ದಾರೆ. ಸೀಸಕ್ಕೆ ಮೂಡಣ ಮಣ್ಣು, ಆರ್ಸೆನಿಕ್‌ಗೆ ಪಡುವಣ ಮಣ್ಣು. ಧಾರವಾಡದ ದಿಣ್ಣೆಯ ಮೇಲೆ ನಿಂತವನಿಗೆ ಎರಡೂ ಕೂಗಳತೆಯಲ್ಲಿವೆ.

ಐಕ್‌ಹಾರ್ನ್‌ನ ಮಾತಿಗೆ ಹಿಂದಿರುಗುವ. ಜೇಡಿಯು ಲೋಹವನ್ನು ಹಿಡಿಯುವುದೇ ಹೊರತು ನಾಶಮಾಡುವುದಿಲ್ಲ. ಕೊಳಚೆಯಲ್ಲಿಯ ಜೀವಜನ್ಯವಾದ ಹೊಲಸು ಮಣ್ಣಿನಲ್ಲಿ ಕೊಳೆತು ಇಲ್ಲವಾಗುವುದು. ಸೀಸ, ಕ್ಯಾಡ್ಮಿಯಮ್‌ಗಳಿಗೆ ಕೊಳೆಯುವ ಧರ್ಮವಿಲ್ಲ. ನೀರು ಆಮ್ಲವಾದರೆ ಹಿಡಿದ ಲೋಹವನ್ನು ಜೇಡಿಯು ಮರಳಿ ಬಿಟ್ಟುಕೊಡುವುದು. ಪ್ರಯೋಗಶಾಲೆಯಲ್ಲಿ ಬಳಸಿದ ಜೇಡಿಯನ್ನು ಆಮ್ಲದಿಂದ ತೊಳೆದು ಹೊಸದಾಗಿಸುವುದೂ ಇದರಿಂದಲೇ. ಆಗ ತೊಳೆದ ನೀರಿನಲ್ಲಿ ವಿಷವು ಇನ್ನೂ ಗಟ್ಟಿಯಾಗಿ ಕೂಡಿರುವುದು, ಅದನ್ನು ಎಲ್ಲಿ ಚೆಲ್ಲಬೇಕೆಂಬ ಪ್ರಶ್ನೆ ಬೇರೆ ಏಳುವುದು. ಜಪಾನಿನ ತೊಯಾಮಾ ಪ್ರಾಂತದಲ್ಲಿ ಕಾಮಿಯೊಕಾ ಗಣಿಯ ಕ್ಯಾಡ್ಮಿಯಮ್ ಜಿಂಜೂ ನದಿಯಲ್ಲಿ ಇಳಿದು ಬತ್ತದ ಗದ್ದೆಗಳ ಮಣ್ಣಿನಲ್ಲಿ ನೆಲೆಗೊಂಡಿತು. ಅನ್ನದ ಮೂಲಕ ಎಲುಬುಗಳಿಗೆ ತಗುಲಿದ ಈ ರೋಗದ ಕಾರಣವನ್ನು ಸರಕಾರವು 1968ರಲ್ಲಿ ಒಪ್ಪಿಕೊಂಡಿತು. ಗದ್ದೆಗಳ ಮಣ್ಣನ್ನು ಹೊಸ ಮಾಡುವ ಕೆಲಸವು 2012ರ ವರೆಗೆ, ಮೂವತ್ತು ವರ್ಷಕ್ಕೂ ಮಿಕ್ಕಿ ನಡೆಯಿತು.

ಹುಬ್ಬಳ್ಳಿಯ ನಾಲೆಯ ಸಂಗತಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಉಣಕಲ್ ಕೆರೆಯಿಂದ ಹೊರಟು ಊರಿನ ನಡುವೆ ಹಾಯುವ ನಾಲೆಯು ಊರಿನ ಕೊಳಚೆಯನ್ನೆಲ್ಲ ಹೊತ್ತು ಎರೆಯ ಬಯಲಿಗೆ ಇಳಿಯುವುದು. ಬಾವಿಯ ನೀರು ಸವುಳು, ಮಳೆಯು ಅನಿಶ್ಚಿತ. ಹೀಗಿರಲು ಗಬ್ಬೂರು, ಬೂದರಸಿಂಗಿ, ಕಟ್ನೂರು ಮೊದಲಾದ ಹಳ್ಳಿಗಳವರೂ, ಧಾರವಾಡದ ಮಗ್ಗುಲಿನ ಮದಿಹಾಳದವರೂ ಆ ನೀರನ್ನೇ ಎತ್ತಿ ಹೊಲಕ್ಕೆ ಹಾಯಿಸಿದರು. ಧಾರವಾಡದ ಕೃಷಿವಿಶ್ವವಿದ್ಯಾಲಯದ ವಿದ್ವಾಂಸರು ಇಂಗ್ಲೆಂಡಿನ ಸಂಶೋಧಕರೊಡನೆ ಕೂಡಿ ಈ ಬೇಸಾಯವನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಕಾಯಿಪಲ್ಲೆ, ಹೊಲದ ಬೆಳೆ, ಮರಗಳೊಡನೆ ಬೆಳೆ ಎಂಬ ಮೂರು ಪದ್ಧತಿಗಳ ವರ್ಣನೆಯುಂಟು. ಬಡ ರೈತನಿಗೆ ವರ್ಷವಿಡೀ ನೀರು, ಗೊಬ್ಬರದ ಉಳಿತಾಯ, ಪೇಟೆಗೆ ಸಮೀಪ; ಅವನನ್ನು ನಿಂದಿಸುವ ಅಧಿಕಾರವು ಕೊಳಚೆಯನ್ನು ಕಳಿಸಿದ ಊರಿಗಿಲ್ಲ. ನೋಡಿದರೆ ಇದು ಹಕ್ಸ್‌ಟೇಬಲ್ ಪಾದ್ರಿಯ ಪ್ರಯೋಗವೇ. ಮಣ್ಣಿನ ಪದರಕ್ಕೆ ಬದಲು ಊರುಗಳ ಹೊಲಗಳು.

ಈ ಪ್ರಯೋಗಕ್ಕೆ ಎರೆಯ ಕಡೆಯಿಂದ ಅನುಕೂಲವೂ ಉಂಟು. ಸುಣ್ಣದ ಹರಳುಗಳಿರುವ ಎರೆಯು ಸ್ವಭಾವತಃ ಕ್ಷಾರಗುಣದ್ದಾದುದರಿಂದ ಹಿಡಿದ ಲೋಹವನ್ನು ಬೇಗನೆ ಬಿಡದು, ಬೆಳೆಯ ಬೇರಿಗೂ ಸುಲಭವಾಗಿ ಕೊಡದು. ಪ್ರತಿಕೂಲವೂ ಉಂಟು. ಬೇಸಗೆಯಲ್ಲಿ ಎರೆಯು ಒಂದಾಳಿನ ಮೊಳಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಆಗ ಹಾಯಿಸಿದ ನೀರು ಜೇಡಿಯೊಳಗೆ ಸೋಸದೆ ಬಿರುಕಿನಿಂದ ನೆಟ್ಟಗೆ ಕೆಳಕ್ಕೆ ಧುಮುಕುವುದು. ಇನ್ನು ಕಾಯಿಪಲ್ಲೆಯ ಎಲೆಗೆ ನೇರವಾಗಿ ತಗುಲಿದ ಕೊಳಚೆಗೂ ಬೇರಿನ ಮೂಲಕ ಬಂದುದಕ್ಕೂ ಅಂತರವಿದೆ. ಮೊದಲನೆಯದಕ್ಕೆ ಮಣ್ಣು ಅಡ್ಡಬರಲಾರದು.

ಕೆರೆಯ ಗೋಡಿನ ಮಾತು ಒಂದು ಉಳಿಯಿತು. ನಮ್ಮ ಊರುಗಳ ಕೆರೆಗಳಿಗೂ ಬಾವಿಗಳಿಗೂ ಈಗ ಬಣ್ಣ ಬಳಿದ ಗಣಪತಿಯ ವಿಗ್ರಹಗಳು ಬೀಳುತ್ತವೆ. ಸೀಸವೇ ಮೊದಲಾದವು ಕೆಲವು ಬಣ್ಣಗಳಲ್ಲಿರುವುದರಿಂದ ಕೇಂದ್ರದ ಮಾಲಿನ್ಯ ನಿಯಂತ್ರಣ ಮಂಡಲಿಯು 2010ರಲ್ಲಿಯೇ ವಿಸರ್ಜನೆಯ ನಿಯಮಗಳನ್ನು ಮಾಡಿತು. ನೀರಿಗಿಳಿದ ಲೋಹವು ಎರೆಯ ಗೋಡಿಗೆ ಅಂಟಿ ತಳವನ್ನು ಸೇರುವುದು, ಮೇಲಿನ ನೀರು ತಿಳಿಯಾಗಿಯೂ ಬಹುಮಟ್ಟಿಗೆ ನಿರ್ದೋಷವಾಗಿಯೂ ತೋರುವುದು. ಆ ಗೋಡನ್ನು ತೆಗೆದು ಹೊಲಕ್ಕೆ ಹರಡುವ ಪದ್ಧತಿಯಾದರೋ ಬಿತ್ತುವಟ್ಟದ ಕಾಲದಿಂದ ಬಂದುದು, ಕಸುವಿನ ಲೋಭದಿಂದ ಈಗಲೂ ನಡೆಯುತ್ತಿರುವುದು. ಹಳ್ಳಿಯ ಮಳೆನೀರಿನ ಕೆರೆಯ ಗೋಡಿಗೂ ಊರ ನಡುವಣ ಕೆರೆಯ ಗೋಡಿಗೂ ಕಣ್ಣಿಗೆ ಭೇದ ಕಾಣದು. ಬಂಡಿಗೆ ತುಂಬುವ ಮುನ್ನ ಒಂದು ಹಿಡಿಯನ್ನು ಕೃಷಿವಿಶ್ವವಿದ್ಯಾಲಯದಂಥ ಸಂಸ್ಥೆಯ ಪ್ರಯೋಗಶಾಲೆಗೆ ಕಳಿಸಿ, ಎರಡರ ಲೋಹದ ಅಂಶವನ್ನು ಅಳೆಯಿಸತಕ್ಕದ್ದು.